ಮೊಮ್ಮಗನನ್ನು ಶೋಕೇಸಿಗೆ ಒಯ್ಯುವ ಮುನ್ನ

ಪಿಕೆಟ್ ಕ್ರೀಕ್‌ನ ಸಂತೆಗೆ ಬಂದ ಮಾಲಿನ ಹಾಗೆ ನೋವಲೀನ್ ಸ್ಟ್ರಿಕ್‌ಲ್ಯಾಂಡಳನ್ನು ಎತ್ತಿ ಹಿಡಿದು ನೋಡಿದರೆ ಕಾಣುವುದು ಇಷ್ಟು: ಎತ್ತರ ಕಡಿಮೆ, ಸುತ್ತಳತೆ ಧಾರಾಳ. ಮೊಣಕಾಲುಗಳು ಸೆಕೆಂಡ್ ಹ್ಯಾಂಡ್. ದನಿ ಬೇಕಾದ್ದಕ್ಕಿಂತ ಜಾಸ್ತಿ, ತಾಳ್ಮೆ ಸ್ಟಾಕಿನಲ್ಲಿಲ್ಲ. ನಾಲಿಗೆ ಮಾತ್ರ ಈಗ ತಾನೇ ಪ್ಯಾಕಿಂಗ್ ಬಿಚ್ಚಿದಷ್ಟು ಹೊಸದು. ಕೂದಲಿನ ತಾಮ್ರದ ಬಣ್ಣ ಕಂಪನಿಯದಲ್ಲ, ಮೇಲೆ ಹಚ್ಚಿದ್ದು. ಗ್ಯಾರಂಟಿ ಕೇಳಿದವರು ಬೈಸಿಕೊಂಡು ಹೋಗಬೇಕು. ಇಷ್ಟೆಲ್ಲ ಕುಂದು ಎಣಿಸಿದ ಮೇಲೂ ಅಲಬಾಮಾದ ಈ ಮೂಲೆಯಲ್ಲಿ ಆಕೆಗೆ ಟೋಪಿ ಹಾಕಿ ಹೋದ ವ್ಯಾಪಾರಿ ಇನ್ನೂ ಹುಟ್ಟಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ತಿಂಗಳ ಮೊದಲ ಶನಿವಾರದ ಸಂತೆಯಲ್ಲಿ ಆಕೆ ಬೀಡು ಕಬ್ಬಿಣದ ಹಳೇ ಬಾಣಲೆ ಮಾರುತ್ತಾಳೆ. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಬಿರುಕು ಇದೆಯೋ ಇಲ್ಲವೋ ಸದ್ದಿನಲ್ಲೇ ತಿಳಿದುಬಿಡುತ್ತದೆ. ಹಾಗೆ ತಟ್ಟಿ ಬೆಲೆ ಕಟ್ಟಲಾಗದೆ ಆಕೆ ತಲೆ ಕೆಡಿಸಿಕೊಂಡದ್ದು ಒಂದೇ ಒಂದು ಸರಕಿನ ವಿಷಯದಲ್ಲಿ. ಆ ಸರಕಿನ ಹೆಸರು ಥ್ಯಾಡ್. ಮಗಳ ಮಗ, ಹದಿನೇಳು ವರ್ಷ.

ಥ್ಯಾಡ್‌ನ ಅಮ್ಮ ದೂರದೂರಿಗೆ ಲಾರಿ ಓಡಿಸುವವಳು. ಹಾಗಾಗಿ ಅವನ ಊಟ, ಶಾಲೆ, ಬೈಗುಳ, ಬೇಸ್‌ಬಾಲ್ ಎಲ್ಲವೂ ಅಜ್ಜಿಯ ಇಲಾಖೆ. ಅಜ್ಜಿಯನ್ನು ಅವನು ಮೀಮಾ ಅನ್ನುತ್ತಾನೆ. ಆಟದಲ್ಲಿ ಅವನು ಕ್ಯಾಚರ್. ಬ್ಯಾಟು ಹಿಡಿದವನ ಬೆನ್ನ ಹಿಂದೆ, ಮುಖಕ್ಕೆ ಜಾಲರಿ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು, ಎದುರಿನಿಂದ ಪಿಚರ್ ಎಸೆದ ಚೆಂಡನ್ನೆಲ್ಲ ಹಿಡಿಯುವ ಕೆಲಸ. ಹಿಡಿದರೆ ಯಾರೂ ನೋಡುವುದಿಲ್ಲ, ಬಿಟ್ಟರೆ ಊರೆಲ್ಲ ನೋಡುತ್ತದೆ. ಥ್ಯಾಡ್ ಬಿಡುವುದು ಅಪರೂಪ. ಅವನಿಗಿದ್ದ ಆಸೆ ಒಂದೇ: ಶಾಲೆ ಮುಗಿದ ಮೇಲೆ ಯಾವುದಾದರೂ ಕಾಲೇಜಿನ ತಂಡದಲ್ಲಿ ಆಡಬೇಕು. ಅದಕ್ಕೆ ಕಾಲೇಜಿನ ಕೋಚ್ ಒಬ್ಬ ಅವನನ್ನು ನೋಡಿ, ಮೆಚ್ಚಿ, ಬಾ ಅನ್ನಬೇಕು. ಈ ಬೇಸಿಗೆಯಲ್ಲಿ ಯಾರೂ ನೋಡದಿದ್ದರೆ ಮುಂದಿನ ವರ್ಷ ಅವನ ಜಾಲರಿ ಅಟ್ಟಕ್ಕೆ. ಪಿಕೆಟ್ ಕ್ರೀಕ್‌ಗೆ ಕೋಚ್‌ಗಳು ಬರುವುದಿಲ್ಲ. ಇಲ್ಲಿಗೆ ಬರುವ ದೊಡ್ಡ ಮನುಷ್ಯರೆಂದರೆ ದಾರಿ ತಪ್ಪಿದ ಕೋಳಿ ಲಾರಿಯ ಡ್ರೈವರುಗಳು.

ಅಂಥ ಹೊತ್ತಿನಲ್ಲಿ ಥ್ಯಾಡ್‌ನ ಫೋನಿಗೆ ಕರೆ ಬಂತು. ‘ನೀನು ವಿಶೇಷವಾಗಿ ಆಯ್ಕೆಯಾಗಿದ್ದೀಯ. ನಮ್ಮ ಶೋಕೇಸಿಗೆ, ಅಂದರೆ ಆಟಗಾರರ ಪ್ರದರ್ಶನಕ್ಕೆ, ಬಾ. ಇಡೀ ದಕ್ಷಿಣದ ಕಾಲೇಜು ಕೋಚ್‌ಗಳು ನಿನ್ನನ್ನು ನೋಡಲಿದ್ದಾರೆ. ಫೀ ಐನೂರು ಡಾಲರ್.’

ನೋವಲೀನಳ ಅಣ್ಣ ಹೋಯ್ಟ್ ಕುಣಿದಾಡಿಬಿಟ್ಟ. ಹೋಯ್ಟ್‌ಗೆ ಸೆಪ್ಟಿಕ್ ಟ್ಯಾಂಕ್ ಹೂಳುವ ಕಂತ್ರಾಟು ಕೆಲಸ. ಮನಸ್ಸು ಮಾತ್ರ ಸದಾ ಆಕಾಶದಲ್ಲಿ.

“ನೋವೀ, ಆಯ್ಕೆ ಮಾಡಿದಾರೆ ಕಣೇ! ವಿಶೇಷವಾಗಿ!”

“ಯಾರು ಮಾಡಿದ್ದು? ಎಲ್ಲಿ ನೋಡಿದ್ರು ಇವನ್ನ?”

“ಎಲ್ಲೋ ನೋಡಿರ್ತಾರೆ. ಈಗೆಲ್ಲ ಆಕಾಶದಿಂದಾನೇ ನೋಡ್ತಾರಂತೆ.”

ಮುಂದಿನ ಸಂತೆಯ ದಿನ ನೋವಲೀನ್ ಬಾಣಲೆ ಜೋಡಿಸುತ್ತ ಈ ಸುದ್ದಿಯನ್ನು ಸುಮ್ಮನೆ ಗಾಳಿಗೆ ಬಿಟ್ಟಳು. ಬೇಯಿಸಿದ ಕಡಲೆಕಾಯಿ ಮಾರುವವನು ಸೌಟು ಎತ್ತಿ, “ನಮ್ಮ ಹುಡುಗನಿಗೂ ಬಂದಿದೆ, ವಿಶೇಷವಾಗಿ ಆಯ್ಕೆ!” ಅಂದ. ಎದುರಿನ ಕ್ಷೌರದಂಗಡಿಯವನೂ ಕತ್ತರಿ ಹಿಡಿದೇ ಹೊರಬಂದು ಅದನ್ನೇ ಹೇಳಿದ. ಕೊನೆಗೆ ಚರ್ಚಿನ ಪಾದ್ರಿ ಮುಜುಗರದಿಂದ ಗಂಟಲು ಸರಿಮಾಡಿಕೊಂಡರು.

“ನಮ್ಮ ಮಗ ಆರ್ಚೀಗೂ ಬಂದಿದೆ, ನೋವಲೀನ್.”

“ಆರ್ಚೀಗಾ? ಅವನು ಬ್ಯಾಂಡಿನಲ್ಲಿ ಟ್ಯೂಬಾ ಊದ್ತಾನಲ್ಲ ಪಾದ್ರಿಗಳೇ!”

“ಹೌದು. ಬ್ಯಾಟು ಮುಟ್ಟಿದವನಲ್ಲ. ಟೋಪಿ ಪುಕ್ಕಟೆ ಕೊಡ್ತಾರೆ ಅಂತ ಎಲ್ಲೋ ಹೆಸರು ಬರೆಸಿದ್ದನಂತೆ.”

ಸಂತೆಗೆ ಸಂತೆಯೇ ಹೊಟ್ಟೆ ಹಿಡಿದು ನಕ್ಕಿತು. ನೋವಲೀನ್ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತ ತಿರುಗಿದರೆ ಥ್ಯಾಡ್ ಬಾಣಲೆಯೊಂದನ್ನು ಒರೆಸಿದ್ದನ್ನೇ ಒರೆಸುತ್ತಿದ್ದಾನೆ. ಅವಳ ನಗು ಅರ್ಧಕ್ಕೇ ನಿಂತಿತು.

“ಗೊತ್ತು ಮೀಮಾ,” ಅಂದ ಹುಡುಗ. “ಎಲ್ಲರಿಗೂ ಕಳಿಸ್ತಾರೆ ಅಂತ ನನಗೂ ಗೊತ್ತು. ಆದ್ರೆ ಮನೇಲಿ ಕೂತ್ರೆ ನನ್ನನ್ನ ಯಾರು ನೋಡ್ತಾರೆ ಹೇಳು? ನಿನ್ನ ಬಾಣಲೆಗಳಾ?”

  ನೋವಲೀನ್ ತಿರುಗಿ ಎರಡು ಬಾಣಲೆ ಮಾರಿದಳು. ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಮಾಡಿದ್ದಳು: ಮಾಲು ಒಯ್ಯುವ ಮೊದಲು ಮಾರುಕಟ್ಟೆ ನೋಡಿ ಬರಬೇಕು. ಅದೇ ಸಂಸ್ಥೆಯವರು ಪಕ್ಕದ ಕೌಂಟಿಯಲ್ಲಿ ಆ ವಾರ ಇನ್ನೊಂದು ಶೋಕೇಸ್ ನಡೆಸುತ್ತಿದ್ದರು. ಥ್ಯಾಡ್‌ನನ್ನು ಮನೆಯಲ್ಲಿ ಬಿಟ್ಟು, ಹೋಯ್ಟ್‌ನ ಪಿಕಪ್ ಹತ್ತಿ ಹೊರಟಳು.

ಹೋಯ್ಟ್ ಅಂದು ಚರ್ಚಿಗೂ ಹಾಕದ ಕಡುಗೆಂಪು ಕಾಲರ್ ಅಂಗಿ ಹಾಕಿಕೊಂಡಿದ್ದ. ಕೈಯಲ್ಲಿ ಚೆಂಡಿನ ವೇಗ ಅಳೆಯುವ ಸ್ಪೀಡ್ ಗನ್ನು. ಎಲ್ಲೋ ಹಳೆಯದು ಕೊಂಡಿದ್ದ.

ಮೈದಾನದಲ್ಲಿ, ಬಲೆಯ ಹಿಂದೆ, ಮಡಚು ಕುರ್ಚಿಗಳ ಸಾಲು. ಅದರಲ್ಲಿ ಕೂತ ಗಂಡಸರೆಲ್ಲರ ಕೈಯಲ್ಲೂ ಅಂಥದೇ ಗನ್ನು. ಒಂದೊಂದು ಚೆಂಡಿಗೂ ಎಲ್ಲರೂ ಒಟ್ಟಿಗೆ ಗನ್ನು ಎತ್ತುವುದು, ಒಟ್ಟಿಗೆ ಇಳಿಸುವುದು. “ನೋಡಿದ್ಯಾ! ಕೋಚ್‌ಗಳ ಕಾಡೇ ಇದೆ ಇಲ್ಲಿ!” ಅಂದ ಹೋಯ್ಟ್, ಕಣ್ಣಲ್ಲಿ ನೀರು ತಂದುಕೊಂಡು. ಒಂದು ಖಾಲಿ ಕುರ್ಚಿ ನೋಡಿ ತಾನೂ ಗನ್ನು ಹಿಡಿದು ಕೂತುಬಿಟ್ಟ.

ನೋವಲೀನ್ ಸಾಲಿನ ಆ ತುದಿಯಿಂದ ವಿಚಾರಣೆ ಶುರುಮಾಡಿದಳು.

“ಯಾವ ಕಾಲೇಜು, ಬಂಗಾರ?” ಆಕೆ ಗುರುತಿಲ್ಲದವರನ್ನೆಲ್ಲ ಬಂಗಾರ ಅನ್ನುವುದು ರೂಢಿ; ಅದರಲ್ಲಿ ಪ್ರೀತಿ ಎಷ್ಟು, ಬಲೆ ಎಷ್ಟು ಅಂತ ತಿಳಿಯಲು ವರ್ಷಗಳು ಬೇಕು.

“ಕಾಲೇಜಾ? ಇಲ್ಲ ಮ್ಯಾಮ್, ಆ ಕೆಂಪು ಸಾಕ್ಸ್ ಹುಡುಗ ನನ್ನ ಮಗ.”

“ನೀವು?”

“ನಾನು ಆ ಪಿಚರ್‌ಗಳ ಸಾಲಿನ ಮೂರನೇ ಹುಡುಗನ ಚಿಕ್ಕಪ್ಪ.”

“ನೀವು?”

“ನಾನು ಬ್ಯಾಟು ಮಾರ್ತೀನಿ ಮ್ಯಾಮ್. ಒಂದು ತೋರಿಸ್ಲಾ?”

ಹೀಗೆ ಸಾಲು ಪೂರ್ತಿ ಮುಗಿಯಿತು. ಅಪ್ಪಂದಿರು, ಚಿಕ್ಕಪ್ಪಂದಿರು, ಒಬ್ಬ ಭಾವ. ಎಲ್ಲರೂ ಪಕ್ಕದವನೇ ಕೋಚ್ ಅಂದುಕೊಂಡು ಗಂಭೀರವಾಗಿ ಕೂತವರು. ಅವಳು ಈ ತುದಿಗೆ ಬರುವಷ್ಟರಲ್ಲಿ ಹೋಯ್ಟ್‌ನ ಸುತ್ತ ಜನ ಮುತ್ತಿದ್ದರು. ಕಡುಗೆಂಪು ಅಲಬಾಮಾದ ಭಾರೀ ಕಾಲೇಜಿನ ತಂಡದ ಬಣ್ಣ; ಆ ಅಂಗಿ ಕಂಡು ಅವನನ್ನು ಅಲ್ಲಿನ ಕೋಚ್ ಎಂದುಕೊಂಡ ತಾಯಿಯೊಬ್ಬಳು ಐಸ್ ಹಾಕಿದ ಸಿಹಿ ಚಹಾ ತಂದುಕೊಟ್ಟು, ಮಗನ ಗಣಿತದ ಅಂಕಗಳನ್ನು ಹೇಳುತ್ತಿದ್ದಾಳೆ. ಅವಳ ಹಿಂದೆ ಇಬ್ಬರು ಅಪ್ಪಂದಿರು ಟೋಪಿ ತೆಗೆದು ಸರದಿ ಕಾಯುತ್ತಿದ್ದಾರೆ. ಹೋಯ್ಟ್ ಸುಳ್ಳು ಹೇಳಿರಲಿಲ್ಲ ಅನ್ನಿ. ಬರೀ ಕಣ್ಣು ಕಿರಿದು ಮಾಡಿ, “ಹೂಂ... ಸೊಂಟ ಚೆನ್ನಾಗಿ ತಿರುಗುತ್ತೆ ಹುಡುಗಂದು,” ಅನ್ನುತ್ತ ಚಹಾ ಹೀರುತ್ತಿದ್ದ. ಅಷ್ಟು ಮರ್ಯಾದೆ ಅವನಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ.

“ಅಮ್ಮಾ, ಈ ಮಹಾಶಯ ನನ್ನ ಅಣ್ಣ,” ಅಂದಳು ನೋವಲೀನ್. “ಸೆಪ್ಟಿಕ್ ಟ್ಯಾಂಕ್ ಹೂಳ್ತಾನೆ. ನಿಮ್ಮನೇದು ತುಂಬಿದ್ರೆ ಹೇಳಿ, ಬರ್ತಾನೆ.”

ಆ ತಾಯಿ ಚಹಾ ವಾಪಸ್ ಕೇಳಲಿಲ್ಲ, ದೊಡ್ಡ ಮನಸ್ಸು. ಹೋಯ್ಟ್ ಮಾತ್ರ, “ಇನ್ನೊಂದು ಐದು ನಿಮಿಷ ತಡೀಬಾರ್ದಿತ್ತಾ ನೋವೀ? ಸ್ಯಾಂಡ್‌ವಿಚ್ ತರೋಕೆ ಹೋಗಿದ್ರು,” ಎಂದು ಆಮೇಲೆ ಮನೆಗೆ ಮರಳುವ ದಾರಿಯುದ್ದಕ್ಕೂ ಗೊಣಗಿದ.

ನಿಜವಾದ ಕೋಚ್ ಆ ಮೈದಾನದಲ್ಲಿ ಒಬ್ಬನಿದ್ದ. ದೂರದಲ್ಲಿ, ಪೀಕಾನ್ ಮರದ ನೆರಳಲ್ಲಿ, ಮಾಸಿದ ಟೋಪಿ ಹಾಕಿಕೊಂಡು ಒಬ್ಬನೇ ಕಡಲೆಕಾಯಿ ಸುಲಿಯುತ್ತಿದ್ದವನು. ಗನ್ನು ಇಲ್ಲದ ಗಂಡಸು ಆ ದಿನ ಅಲ್ಲಿ ಅವನೊಬ್ಬನೇ ಆದ್ದರಿಂದ ನೋವಲೀನ್‌ಗೆ ಅನುಮಾನ ಬಂತು. ಹೆಸರು ಲ್ಯಾಂಬರ್ತ್, ನದಿಯಾಚೆಯ ಎರಡು ವರ್ಷದ ಕಾಲೇಜೊಂದರ ಕೋಚ್.

“ಇಷ್ಟು ಹುಡುಗರಲ್ಲಿ ಆರಿಸೋದು ಕಷ್ಟ ಅಲ್ವಾ, ಕೋಚ್?” ಎಂದು ಅವನ ಕಡಲೆಕಾಯಿಗೇ ಕೈಹಾಕಿ ಕೂತಳು.

“ಆರಿಸೋಕೆ ಬಂದಿಲ್ಲ ಮ್ಯಾಮ್. ಆ ಉದ್ದನೆ ಎಡಗೈ ಹುಡುಗ, ಎಮೊರಿ, ಅವನನ್ನ ನೋಡೋಕೆ ಬಂದೆ. ಮೊದಲೇ ಫೋನಲ್ಲಿ ಮಾತಾಡಿದ್ದೆ.”

“ಮಿಕ್ಕವರು?”

“ಕಣ್ಣಿಗೆ ಬಿದ್ರೆ ಬಿದ್ರು. ಎಲ್ಲರನ್ನೂ ನೋಡ್ತಾ ಕೂತ್ರೆ ಯಾರನ್ನೂ ನೋಡಿದ ಹಾಗಾಗಲ್ಲ.” ಅವನು ಸಿಪ್ಪೆ ಎಸೆದ. “ಇವತ್ತು ಎಮೊರಿನೂ ಕಾಣಲಿಲ್ಲ ಬಿಡಿ. ಎಸೆದದ್ದು ಹಿಡಿಯೋರೇ ಇಲ್ಲ. ಮುಂದಿನ ಶೋಕೇಸಲ್ಲಿ ಇನ್ನೊಂದ್ಸಲ ನೋಡ್ಬೇಕು.”

ನೋವಲೀನ್ ತಲೆ ಎತ್ತಿ ನೋಡಿದಳು. ಪಿಚರ್ ಹುಡುಗರ ಸಾಲು ಬೇಲಿಯವರೆಗೆ ನಿಂತಿದೆ. ಒಬ್ಬೊಬ್ಬನೂ ಗನ್ನಿನ ಸಂಖ್ಯೆ ಏರಿಸಲು ಜೀವ ಬಿಟ್ಟು ಎಸೆಯುತ್ತಿದ್ದಾನೆ. ಚೆಂಡು ಹೋದದ್ದೇ ದಾರಿ. ಹಿಡಿಯಲು ಇರುವವರು ಇಬ್ಬರು ಸೋತ ಹುಡುಗರು. ಒಬ್ಬ ಚೆಂಡಿನ ಹಿಂದೆ ಓಡುತ್ತಿದ್ದಾನೆ, ಇನ್ನೊಬ್ಬ ಕೂತಲ್ಲೇ ನೀರು ಕೇಳುತ್ತಿದ್ದಾನೆ. ಆಕೆಯ ಮುಖದ ಮೇಲೆ, ಗಿರಾಕಿಯ ಜೇಬು ಕಂಡಾಗ ಅರಳುವ ನಗು ಅರಳಿತು.

ಮನೆಗೆ ಬಂದವಳೇ ಮೊದಲು ಥ್ಯಾಡ್‌ನನ್ನು ಕೂರಿಸಿದಳು. “ಲ್ಯಾಂಬರ್ತ್ ಅನ್ನೋ ಕೋಚ್‌ಗೆ ಫೋನ್ ಮಾಡು. ನೀನೇ ಮಾಡ್ಬೇಕು. ಮೀಮಾ ಮಾತಾಡಿದ್ರೆ ಮೀಮಾನೇ ತಂಡಕ್ಕೆ ತಗೋತಾರೆ.”

“ಏನಂತ ಹೇಳ್ಲಿ?”

“ಕ್ಯಾಚರ್ ಅನ್ನು. ಬರೋ ಶೋಕೇಸಲ್ಲಿ ಎಮೊರಿ ಎಸೆದದ್ದು ನಾನೇ ಹಿಡೀತೀನಿ, ನೋಡಿ ಅನ್ನು.”

ಹುಡುಗ ಮೊದಲು ಹೋಯ್ಟ್ ಜೊತೆ ಅಭ್ಯಾಸ ಮಾಡಿದ. ಹೋಯ್ಟ್ ಬಾಳೆಹಣ್ಣು ಕಿವಿಗಿಟ್ಟುಕೊಂಡು ಕೋಚ್ ಆದ. “ಯಾರಯ್ಯಾ ಅದು? ನನಗೆ ಟೈಮಿಲ್ಲ!” ಎಂದು ಎಷ್ಟು ಗತ್ತು ಮಾಡಿದನೆಂದರೆ, ನಿಜವಾದ ಲ್ಯಾಂಬರ್ತ್ ಮೆತ್ತಗೆ “ಹೇಳಪ್ಪಾ” ಅಂದಾಗ ಥ್ಯಾಡ್‌ಗೆ ಅರ್ಧ ಭಯ ಹೋಗಿಬಿಟ್ಟಿತ್ತು. “ಸರಿ, ಬರ್ತೀನಿ, ನೋಡ್ತೀನಿ,” ಅಂದ ಕೋಚ್. ಅಷ್ಟೇ. ಥ್ಯಾಡ್ ಫೋನಿಟ್ಟು ಅಡುಗೆಮನೆಯನ್ನು ಎರಡು ಸುತ್ತು ಓಡಿದ.

ಆಮೇಲೆ ನೋವಲೀನ್ ಶೋಕೇಸ್ ನಡೆಸುವ ಕೆಸ್ಲರ್‌ಗೆ ಫೋನ್ ಹಚ್ಚಿದಳು. ಆತ ಬಿಳಿ ಹಲ್ಲಿನ ದನಿಯಲ್ಲಿ ಮಾತಾಡುವವನು.

“ಐನೂರು ಮ್ಯಾಮ್, ಟೀ ಶರ್ಟ್ ಸೇರಿ.”

“ಟೀ ಶರ್ಟು ನಮ್ಮನೇಲಿ ನೆಲ ಒರೆಸೋಕೂ ಇದೆ, ಬಂಗಾರ. ಪಿಚರ್‌ಗಳು ಎಷ್ಟು ಜನ ಬರ್ತಾರೆ?”

“ಮೂವತ್ತರ ಮೇಲೆ!” ಹೆಮ್ಮೆ.

“ಕ್ಯಾಚರ್?”

ಆ ಕಡೆ ಒಂದು ಕೆಮ್ಮು. “ಇನ್ನೂ ಹೆಸರು ಬರೆಸ್ತಾ ಇದಾರೆ.”

“ಎಷ್ಟು ಜನ ಅಂತ ಕೇಳ್ದೆ.”

“...ಒಬ್ಬ. ಅವನ ಹೆಬ್ಬೆರಳು ಸ್ವಲ್ಪ ಊದಿದೆ.”

“ಅಯ್ಯೋ ಪಾಪ! ಮೂವತ್ತು ಜನ ಎಸೆದದ್ದು ಹಾಗಾದ್ರೆ ನೀನೇ ಹಿಡೀತೀಯಾ? ಮೊಣಕಾಲು ಹೇಗಿದೆ ನಿಂದು?”

ಫೀ ಐನೂರರಿಂದ ಅರ್ಧಕ್ಕಿಳಿಯಿತು. ನೋವಲೀನ್ ಸುಮ್ಮನಿದ್ದಳು. ಸುಮ್ಮನಿರುವುದು ಆಕೆಗೆ ಅಷ್ಟು ಒಗ್ಗದ ಕೆಲಸವಾದ್ದರಿಂದ ಫೋನನ್ನು ಎದೆಗೊತ್ತಿ ಹೋಯ್ಟ್‌ಗೆ ಕಣ್ಣು ಮಿಟುಕಿಸುತ್ತಿದ್ದಳು. ಅರ್ಧ ಕಾಲಾಯಿತು, ಕಾಲು ಸೊನ್ನೆಯಾಯಿತು.

“ಊಟ?” ಅಂದಳು.

“ಊಟಾನೂ ಕೊಡ್ತೀವಿ ಮ್ಯಾಮ್.”

“ಎಮೊರಿ ಅನ್ನೋ ಎಡಗೈ ಹುಡುಗ ಎಸೆಯುವಾಗ ನನ್ನ ಮೊಮ್ಮಗನೇ ಕೂರ್ಬೇಕು.”

“ಆಯ್ತು ಮ್ಯಾಮ್.” ಆ ಹೊತ್ತಿಗೆ ಅವನ ಹಲ್ಲಿನ ಬಿಳುಪೆಲ್ಲ ಇಳಿದುಹೋಗಿತ್ತು.

ಶೋಕೇಸಿನ ದಿನ ಬಿಸಿಲು ಬಾಣಲೆಯ ತಳದಂತಿತ್ತು. ಥ್ಯಾಡ್ ಒಂದೇ ಒಂದು ಷರತ್ತು ಹಾಕಿದ್ದ: “ಮೀಮಾ, ಕಿರುಚಬಾರದು. ಕೋಚ್‌ಗಳು ಮನೆಯವರನ್ನೂ ನೋಡ್ತಾರಂತೆ.” ನೋವಲೀನ್ ಮಾತು ಕೊಟ್ಟಳು. ಕೊಟ್ಟ ಮಾತು ಉಳಿಸಿಕೊಳ್ಳಲು ದೊಡ್ಡ ಪೊಟ್ಟಣ ಕಡಲೆಕಾಯಿ ತಂದು, ಕಿರುಚಬೇಕೆನಿಸಿದಾಗಲೆಲ್ಲ ಒಂದು ಹಿಡಿ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಹತ್ತು ಗಂಟೆಗೇ ಪೊಟ್ಟಣ ಅರ್ಧವಾಗಿತ್ತು. ಪಕ್ಕದಲ್ಲೇ ಹೋಯ್ಟ್, ಅದೇ ಕಡುಗೆಂಪು ಅಂಗಿ ತೊಟ್ಟು, ಬಲೆಯ ಹಿಂದಿನ ಗನ್ನುಗಳ ಸಾಲಿನಲ್ಲಿ ಕೂತಿದ್ದ.

ಮೊದಲು ಅಳತೆಯ ಕಾರ್ಯಕ್ರಮ. ಕ್ಯಾಚರ್‌ಗಳು ಕೂತಲ್ಲಿಂದ ಎದ್ದು ಮೈದಾನದ ಆಚೆಗಿರುವ ‘ಎರಡನೇ ಬೇಸ್’ ಎಂಬ ಗುರುತಿಗೆ ಚೆಂಡು ಎಸೆಯಬೇಕು, ಎಷ್ಟು ಬೇಗ ಮುಟ್ಟಿತು ಎಂದು ಗಡಿಯಾರದಲ್ಲಿ ನೋಡುತ್ತಾರೆ. ಥ್ಯಾಡ್‌ನ ಎಸೆತಗಳು ಅಡ್ಡಾದಿಡ್ಡಿ ಹೋದವು. ಒಂದು ಎಸೆತವಂತೂ ಎಲ್ಲರ ತಲೆಯ ಮೇಲೆ ಹಾರಿ ಮೈದಾನದಾಚೆಯ ಬೇಲಿ ಕಡೆ ಹೋಯಿತು. ಗನ್ನು ಹಿಡಿದ ಅಪ್ಪಂದಿರು ಪರಸ್ಪರ ಮುಖ ನೋಡಿಕೊಂಡರು. ನೋವಲೀನ್ ಎರಡು ಹಿಡಿ ಒಟ್ಟಿಗೆ ತುರುಕಿಕೊಂಡಳು. ಹೋಯ್ಟ್ ಬೆನ್ನು ತಟ್ಟಬೇಕಾಯಿತು. ಪೀಕಾನ್ ಮರ ಇಲ್ಲಿರಲಿಲ್ಲ. ಲ್ಯಾಂಬರ್ತ್ ನೀರಿನ ಟ್ಯಾಂಕಿನ ನೆರಳಲ್ಲಿ ನಿಂತಿದ್ದವನು ಏನೂ ಬರೆದುಕೊಳ್ಳಲಿಲ್ಲ.

“ಮುಗೀತು ಕಣೋ ಹೋಯ್ಟ್,” ಅಂದಳು ನೋವಲೀನ್, ಬಾಯಿ ತುಂಬ ಕಡಲೆಕಾಯಿ. “ಪುಕ್ಕಟೆ ತಂದು ಪುಕ್ಕಟೆ ಕೆಡಿಸ್ದೆ.”

ಆಮೇಲೆ ಪಿಚರ್‌ಗಳ ಸರದಿ. ಒಬ್ಬನಾದ ಮೇಲೊಬ್ಬ, ಒಬ್ಬನಾದ ಮೇಲೊಬ್ಬ. ಥ್ಯಾಡ್ ಕೂತವನು ಏಳಲಿಲ್ಲ. ನೆಲಕ್ಕೆ ಬಡಿದದ್ದನ್ನು ಎದೆಯಲ್ಲಿ ತಡೆದ, ಪಕ್ಕಕ್ಕೆ ಸಿಡಿದದ್ದನ್ನು ಹಾರಿ ಹಿಡಿದ. ಹಿಡಿದದ್ದಕ್ಕೆಲ್ಲ “ಭೇಷ್! ಇನ್ನೊಂದು ಕೊಡು!” ಅಂದ. ಒಂದೊಂದು ಹುಡುಗನ ಹೆಸರೂ ಅವನಿಗೆ ಆಗಲೇ ಬಾಯಿಪಾಠ. ಬೆವರಿ ಬೆವರಿ ಅವನ ಅಂಗಿಯ ಬಣ್ಣವೇ ಬೇರೆಯಾಯಿತು.

ಎಮೊರಿ ಬಂದ. ಬಿದಿರುಗಳದಂಥ ಹುಡುಗ. ಬಲೆಯ ಹಿಂದೆ ಗನ್ನುಗಳ ಸಾಲು ಎದ್ದು ನಿಂತದ್ದು ಕಂಡದ್ದೇ ಅವನ ಕೈ ಅವನ ಮಾತು ಕೇಳಲಿಲ್ಲ. ಮೊದಲ ಚೆಂಡು ಬಲೆಗೆ, ಎರಡನೆಯದು ನೆಲಕ್ಕೆ, ಮೂರನೆಯದು ಬ್ಯಾಟುಗಾರನ ಸೊಂಟಕ್ಕೆ. ಥ್ಯಾಡ್ ಜಾಲರಿ ಎತ್ತಿ, ನಿಧಾನವಾಗಿ ಅವನ ಬಳಿಗೆ ನಡೆದ. ಇಬ್ಬರೂ ಕೈಗವಸನ್ನು ಬಾಯಿಗಡ್ಡ ಹಿಡಿದು ಏನೋ ಮಾತಾಡಿದರು. ಎಮೊರಿ ಒಮ್ಮೆ ಗನ್ನಿನ ಸಾಲಿನ ಕಡೆ ನೋಡಿದ. ನೋಡಿದವನೇ ಹೆಗಲು ಕುಣಿಸುತ್ತ ನಕ್ಕುಬಿಟ್ಟ. ಅಲ್ಲಿಂದ ಮುಂದೆ ಅವನು ಎಸೆದದ್ದು ಗನ್ನಿಗಲ್ಲ, ಥ್ಯಾಡ್‌ನ ಕೈಗವಸಿಗೆ. ಥ್ಯಾಡ್ ಎಲ್ಲಿ ಹಿಡಿದರೆ ಅಲ್ಲಿಗೆ. ಬ್ಯಾಟುಗಾರರು ಗಾಳಿ ಬೀಸಿ ಬೀಸಿ ವಾಪಸಾದರು.

ಮುಗಿದ ಮೇಲೆ ಲ್ಯಾಂಬರ್ತ್ ನೆರಳು ಬಿಟ್ಟು ಹೊರಬಂದ. ನೇರ ಎಮೊರಿಯ ಬಳಿಗೆ ಹೋಗಿ ಅವನ ಕೈ ಕುಲುಕಿದ, ಅವನಪ್ಪನ ಕೈ ಕುಲುಕಿದ, ನಿಂತು ಮಾತಾಡಿದ. ಮಾತಾಡುತ್ತಲೇ ಇದ್ದ. ಥ್ಯಾಡ್ ಆ ಕಡೆ ನೋಡದೆ ತನ್ನ ಜಾಲರಿ, ಕಾಲಿನ ಕವಚ ಒಂದೊಂದೇ ಚೀಲಕ್ಕೆ ತುಂಬಿದ. ನೋವಲೀನ್ ಪೊಟ್ಟಣಕ್ಕೆ ಕೈ ಹಾಕಿದಳು. ಬರೀ ಸಿಪ್ಪೆ.

“ಏನಪ್ಪಾ, ಕ್ಯಾಚರ್,” ಅಂದಿತು ಒಂದು ದನಿ. ಲ್ಯಾಂಬರ್ತ್ ಬಂದು ನಿಂತಿದ್ದ. “ಹೋಗಿ ಏನು ಹೇಳ್ದೆ ಅವನಿಗೆ?”

ಥ್ಯಾಡ್ ಕೆಂಪಾದ. “ಸರ್... ಆ ಕಡುಗೆಂಪು ಅಂಗಿಯವರು ಕೋಚ್ ಅಲ್ಲ, ನಮ್ಮ ಅಜ್ಜಿಯ ಅಣ್ಣ, ಸೆಪ್ಟಿಕ್ ಟ್ಯಾಂಕ್ ಹೂಳ್ತಾರೆ ಅಂದೆ ಸರ್. ಮಿಕ್ಕವರೆಲ್ಲ ಅಪ್ಪಂದಿರು ಅಂದೆ. ಇಲ್ಲಿ ಇರೋದು ನಾವಿಬ್ಬರೇ, ನನಗೆ ಎಸೆ ಅಂದೆ.”

ಕೋಚ್ ನಗಲು ಶುರುಮಾಡಿದವನು ಟೋಪಿ ತೆಗೆದು ಕಣ್ಣೊರೆಸಿಕೊಂಡ. “ಎರಡನೇ ಬೇಸ್‌ಗೆ ಎಸೆಯೋದು ನಿಂಗೆ ಕಲಿಸ್ಬಹುದು. ಇದನ್ನ ಕಲಿಸೋಕಾಗಲ್ಲ. ನಾನು ಅವನನ್ನ ನೋಡೋಕೆ ಬಂದು ನಿನ್ನೇ ನೋಡ್ತಾ ನಿಂತುಬಿಟ್ಟೆ. ಅವನೂ ಹೇಳ್ದ, ಈ ಹುಡುಗ ಇದ್ರೆ ಬರ್ತೀನಿ ಅಂತ. ಮಂಗಳವಾರ ಕಾಲೇಜಿಗೆ ಬಾ. ಕೈಗವಸು ತಗೊಂಡು ಬಾ.”

“ಬರ್ತೀನಿ ಸರ್,” ಅಂದ ಥ್ಯಾಡ್. ಆಮೇಲೆ ಅಜ್ಜಿಯ ಕಡೆ ತಿರುಗಿದ. ಅವಳ ಮುಖ ಒಲೆಯ ಮೇಲಿನ ಕುಕ್ಕರಿನಂತಾಗಿತ್ತು. “ಈಗ ಕಿರುಚಬಹುದು, ಮೀಮಾ.”

ಬೆಳಗಿನಿಂದ ಒಳಗೆ ಕೂಡಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು. ಪಕ್ಕದ ಮೈದಾನದಲ್ಲಿ ಆಟ ನಿಂತಿತು. ಗನ್ನು ಹಿಡಿದ ಅಪ್ಪನೊಬ್ಬ ಗಾಬರಿಯಲ್ಲಿ ಅದನ್ನೇ ಅವಳ ಕಡೆ ತಿರುಗಿಸಿದ. ಹೋಯ್ಟ್ ಪಿಕಪ್ಪಿನ ಹಾರ್ನ್ ಮೇಲೆ ಕೈಯಿಟ್ಟವನು ಪಿಕೆಟ್ ಕ್ರೀಕ್ ತಲುಪುವವರೆಗೆ ತೆಗೆಯಲಿಲ್ಲ. ದಾರಿಯ ಹಸುಗಳೆಲ್ಲ ಎದ್ದು ನಿಂತು ನೋಡಿದವು. ಮಂಗಳವಾರ ಥ್ಯಾಡ್ ಹೋದ. ಬೇಸಿಗೆ ಕಳೆಯುವುದರೊಳಗೆ ಲ್ಯಾಂಬರ್ತ್‌ನ ತಂಡದಲ್ಲಿ ಅವನಿಗೆ ಜಾಗ ಸಿಕ್ಕಿತು, ಎಮೊರಿಗೂ ಸಿಕ್ಕಿತು. ಈಗ ಇಬ್ಬರಿಗೂ ಒಂದೇ ಕೋಣೆ. ಅದರ ವಾಸನೆಯ ಬಗ್ಗೆ ನೋವಲೀನ್ ಬೇರೆಯೇ ಒಂದು ಭಾಷಣ ಮಾಡುತ್ತಾಳೆ.

ಈಗ ಸಂತೆಯಲ್ಲಿ ಬಾಣಲೆ ಕೊಳ್ಳುವವರಿಗಿಂತ ಸಲಹೆ ಕೇಳುವವರೇ ಜಾಸ್ತಿ. “ನೋವಲೀನ್, ಶೋಕೇಸಿಗೆ ಹೋಗೋದು ದಂಡಾನಾ, ಲಾಭಾನಾ?” ಆಕೆ ತಲೆ ಎತ್ತುವುದಿಲ್ಲ.

“ನಿನ್ನ ಹುಡುಗ ಯಾವ ಕೋಚ್‌ಗಾದ್ರೂ ತಾನೇ ಫೋನ್ ಮಾಡಿದಾನಾ? ಆ ಕೋಚ್ ನೋಡೋಕೆ ಬರ್ತೀನಿ ಅಂದಿದಾನಾ?”

“ಇಲ್ಲ...”

“ಹಾಗಾದ್ರೆ ಮೀನು ಹಿಡಿಯೋಕೆ ಕರ್ಕೊಂಡು ಹೋಗು. ದುಡ್ಡೂ ಉಳಿಯುತ್ತೆ, ಮೀನೂ ಸಿಗುತ್ತೆ. ಬರ್ತೀನಿ ಅಂದಿದ್ರೆ ಹೋಗು. ಕಡಲೆಕಾಯಿ ಜಾಸ್ತಿ ತಗೊಂಡು ಹೋಗು.”

ಆಕೆಯ ಪಕ್ಕದ ಮಳಿಗೆ ನನ್ನದು. ನನ್ನ ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ. ಅವಳಿಗೂ ರಾಶಿ ರಾಶಿ ಕರೆಗಳು ಬಂದಿದ್ದವು, ನಾನು ಎಲ್ಲದಕ್ಕೂ ಒಯ್ಯಲು ಹೊರಟಿದ್ದೆ. ನೋವಲೀನ್ ಈ ಎರಡು ಪ್ರಶ್ನೆ ಕೇಳಿ ನನ್ನನ್ನು ತಡೆದಳು. ಮಗಳು ತಾನೇ ಫೋನ್ ಮಾಡಿದಳು, ಬರುತ್ತೇನೆ ಎಂದ ಕೋಚ್ ಇದ್ದ ಒಂದೇ ಶೋಕೇಸಿಗೆ ಹೋದೆವು, ಇಂದು ಅವಳು ಆ ಕೋಚ್‌ನ ಕಾಲೇಜಿನಲ್ಲೇ ಓದುತ್ತ ಆಡುತ್ತಿದ್ದಾಳೆ. ಅದಕ್ಕಾಗಿ ನಾನು ನೋವಲೀನ್ ಸ್ಟ್ರಿಕ್‌ಲ್ಯಾಂಡಳಿಗೆ ಋಣಿ.